ಟೊರಾಂಟೊದ ಹಳೆಯ ಮನೆ ಮತ್ತು ಬೇಸ್‌ಮೆಂಟಿನ ತೇವದ ಗೋಡೆ

ಊರಿನಲ್ಲಿ ನಾವು ಅಡಿಪಾಯವನ್ನು ನೆಲದಿಂದ ಒಂದೆರಡು ಅಡಿ ಎತ್ತರಿಸಿ ಮನೆ ಕಟ್ಟುವವರಾದ್ದರಿಂದ, ಮಣ್ಣಿನಲ್ಲಿ ಹೂತ ಗೋಡೆಯ ಸ್ವಭಾವ ನಮಗೆ ತಿಳಿದಿರುವುದಿಲ್ಲ. ಟೊರಾಂಟೊದಲ್ಲಿ ಚಳಿಗಾಲದ ಹಿಮಗಟ್ಟುವಿಕೆ ಸುಮಾರು 1.2 ಮೀಟರ್ ಆಳಕ್ಕೆ ಇಳಿಯುವುದರಿಂದ ಅಡಿಪಾಯ ಅದಕ್ಕಿಂತ ಕೆಳಗಿರಬೇಕು. ಹೇಗೂ ಅಷ್ಟು ಅಗೆದ ಮೇಲೆ ಅಲ್ಲೊಂದು ಕೋಣೆ, ಅದೇ ಬೇಸ್‌ಮೆಂಟು. 1920ರ ದಶಕದ ಮನೆಗಳಲ್ಲಿ ಆ ಗೋಡೆ ಸಾಮಾನ್ಯವಾಗಿ ಇಟ್ಟಿಗೆ ಅಥವಾ ಕಲ್ಲಿನದು, ಗಾರೆ ಸುಣ್ಣದ್ದು.

ಗೋಡೆಯ ಮೇಲೆ ಬಿಳಿಯ ಉಪ್ಪು ಒಸರಿ ಬಣ್ಣ ಉದುರತೊಡಗಿದರೆ ಕೂಡಲೇ ಅಂಗಡಿಗೆ ಓಡಿ ಜಲನಿರೋಧಕ ಬಣ್ಣ ತರಬೇಡಿ. ನಾನು ತಂದು ಬಳಿದಿದ್ದೆ. ಒಂದೇ ಚಳಿಗಾಲದಲ್ಲಿ ಅದು ಹಪ್ಪಳದಂತೆ ಉಬ್ಬಿ ಕಳಚಿತು, ಜೊತೆಗೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬಂತು. ಮೊದಲು ನೀರಿನ ಮೂಲ ತಿಳಿಯಬೇಕು. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚಿನಲ್ಲಿ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹಿಂಬದಿಯಲ್ಲಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಕಂಡರೆ ಅದು ಗಾಳಿಯಲ್ಲಿರುವ ತೇವ.

ಗಾಳಿಯ ತೇವವಾದರೆ ನಮ್ಮ ಹಳೆಯ ಅಭ್ಯಾಸವೇ ನಮಗೆ ವೈರಿ. ಕೋಣೆ ಮುಗ್ಗಲು ವಾಸನೆ ಬಂದರೆ ಕಿಟಕಿ ತೆರೆಯುವುದು ಊರಿನ ರೂಢಿ, ಆದರೆ ಜುಲೈ ತಿಂಗಳ ಸೆಖೆಯ ಗಾಳಿ ತಂಪಾದ ಬೇಸ್‌ಮೆಂಟಿಗೆ ಇಳಿದರೆ, ಐಸ್ ನೀರಿನ ಲೋಟದ ಹೊರಮೈ ಬೆವರುವಂತೆ ಗೋಡೆ ಬೆವರುತ್ತದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಓಡಿಸಿ, ತೇವಾಂಶವನ್ನು ಶೇ. 50ರ ಒಳಗೆ ಇಡಿ.

ಮಣ್ಣಿನಿಂದ ಬರುವ ನೀರಾದರೆ ದುರಸ್ತಿ ಮನೆಯ ಹೊರಗಿನಿಂದಲೇ ಶುರುವಾಗಬೇಕು. ಮಳೆ ಜೋರಾಗಿರುವಾಗ ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ, ತುಂಬಿ ಚೆಲ್ಲುವ ಸೂರಿನ ದೋಣಿ, ಗೋಡೆಯ ಬುಡದಲ್ಲೇ ಸುರಿಯುವ ಕೊಳವೆ, ಮನೆಯ ಕಡೆಗೇ ವಾಲಿದ ನೆಲ ಎಲ್ಲಿದೆ ಎಂದು ನೋಡಿ. ಕೊಳವೆಯ ನೀರು ಗೋಡೆಯಿಂದ ಎರಡು ಮೀಟರಾದರೂ ದೂರ ಬೀಳಲಿ. ಬುಡಕ್ಕೆ ಜೇಡಿಮಣ್ಣು ತುಂಬಿ, ಹತ್ತಡಿಗೆ ಆರು ಇಂಚಿನಷ್ಟು ಹೊರಗಿಳಿಜಾರು ಕೊಡಿ. ಮಲೆನಾಡಿನ ಮನೆಗಳ ಅಗಲವಾದ ಸೂರು ಮಾಡುವ ಕೆಲಸವೂ ಇದೇ. ಅಗ್ಗದ ಈ ಕೆಲಸ ಮುಗಿಸಿ ಒಂದು ವಸಂತದ ಹಿಮಕರಗುವಿಕೆ ಕಳೆಯುವವರೆಗೆ ಕಾಯದೆ, ಸಾವಿರಾರು ಡಾಲರಿನ ಅಗೆತಕ್ಕೆ ಸಹಿ ಹಾಕಬಾರದೆಂಬುದು ನನ್ನ ಅಭಿಪ್ರಾಯ.

ಆಮೇಲೂ ನೀರು ಒಸರಿದರೆ ಅಡಿಪಾಯದ ಸುತ್ತಲಿನ ನೀರು ಬಸಿಯುವ ಕೊಳವೆ (ವೀಪಿಂಗ್ ಟೈಲ್) ಕಟ್ಟಿಕೊಂಡಿರಬಹುದು. ಹಳೆಯ ಮನೆಗಳಲ್ಲಿ ಅದು ಜೇಡಿಮಣ್ಣಿನ ಕೊಳವೆ, ಮರದ ಬೇರು ಹೊಕ್ಕಿರುತ್ತದೆ. ಹೊರಗಡೆ ಅಗೆದು ಗೋಡೆಗೆ ಜಲನಿರೋಧಕ ಪೊರೆ ಹೊದಿಸುವುದು ಉತ್ತಮ, ಒಳಗಡೆ ಕಾಲುವೆ ತೆಗೆದು, ಗುಂಡಿಗೆ ಬಂದ ನೀರನ್ನು ಹೊರಹಾಕುವ ಸಂಪ್ ಪಂಪ್ ಇಡುವುದು ಅಗ್ಗ. ಅಗೆಯುವ ಮುನ್ನ ಒಂಟಾರಿಯೊ ಒನ್ ಕಾಲ್ ಎಂಬ ಸಂಸ್ಥೆಗೆ ತಿಳಿಸುವುದು ಕಾನೂನು; ಅನಿಲ, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿಯೇ ಗುರುತಿಸಿ ಕೊಡಿಸುತ್ತಾರೆ. ಸಂಪ್ ಪಂಪಿಗೆ ನಗರಸಭೆಯ ಸಹಾಯಧನವಿದೆ, ಆದರೆ ಸೂರಿನ ಕೊಳವೆ ಒಳಚರಂಡಿಗೆ ಸೇರಿದ್ದರೆ ಮೊದಲು ಅದನ್ನು ಬಿಡಿಸಬೇಕು. ಗೋಡೆಯ ಮೂಲಕ ನಿಧಾನವಾಗಿ ಒಸರುವ ನೀರಿಗೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಬಾಡಿಗೆಗೆ ಇರುವವರು ಇದಾವುದಕ್ಕೂ ಕೈ ಹಾಕಬೇಕಿಲ್ಲ. ಒಂಟಾರಿಯೊದ 2006ರ ಬಾಡಿಗೆ ಕಾಯಿದೆಯ ಪ್ರಕಾರ ದುರಸ್ತಿ ಮಾಲೀಕರ ಹೊಣೆ, ತೇವ ಇರುವುದನ್ನು ನೋಡಿಯೇ ಒಪ್ಪಿದ್ದರೂ ಸಹ. ಲಿಖಿತವಾಗಿ ತಿಳಿಸಿ, ಚಿತ್ರ ತೆಗೆದಿಡಿ, ಬಾಡಿಗೆಯನ್ನು ಮಾತ್ರ ತಡೆಹಿಡಿಯಬೇಡಿ.

ಒಳಗಿನ ಕೆಲಸ ಕೊನೆಗೆ. ಉದುರಿದ ಗಾರೆಯ ಜಾಗಕ್ಕೆ ಸುಣ್ಣದ ಗಾರೆಯನ್ನೇ ತುಂಬಿಸಿ; ಗಟ್ಟಿ ಸಿಮೆಂಟು ಹಳೆಯ ಮೃದು ಇಟ್ಟಿಗೆಯನ್ನು ಒಡೆಯುತ್ತದೆ. ಸೋಫಾ, ಪುಸ್ತಕದ ಕಪಾಟುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರವೇ ಇಡಿ.