ಡ್ರಾಯಿಂಗ್ ಮೇಷ್ಟ್ರಿಲ್ಲದ ಶಾಲೆಯಲ್ಲಿ ಕಲಾ ಪೀರಿಯಡ್ ನಡೆಸುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಎಷ್ಟೋ ಸರ್ಕಾರಿ ಶಾಲೆಗಳ ವೇಳಾಪಟ್ಟಿಯಲ್ಲಿ ‘ಕಲೆ’ ಅಂತ ಬರೆದಿರುತ್ತದೆ, ಆ ಹೊತ್ತಿನಲ್ಲಿ ನಡೆಯುವುದು ಮಾತ್ರ ಬಾಕಿ ಉಳಿದ ಗಣಿತ.

ಮೊದಲು ದಾಖಲಾತಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ಮಕ್ಕಳು 100 ದಾಟಿದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ದಾಟಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಸಿ, ತರಗತಿವಾರು ಪಟ್ಟಿ ಲಗತ್ತಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದು ಕಡತಕ್ಕೆ ಸೇರುವುದಿಲ್ಲ. ನೂರು ದಾಟದ ಕಡೆ ತರಗತಿ ಶಿಕ್ಷಕರೇ ಗತಿ, ಮುಂದಿನದೆಲ್ಲ ಅವರಿಗೆ.

ಬಿಸಿಯೂಟಕ್ಕೆ ಮುಂಚಿನ ಎರಡು ಪೀರಿಯಡ್ ಒಟ್ಟಿಗೆ ಇಟ್ಟುಕೊಳ್ಳಿ. ಒಂದೇ ಪೀರಿಯಡ್ ಆದರೆ ಹಂಚುವುದರಲ್ಲಿ, ಎತ್ತಿಡುವುದರಲ್ಲೇ ಮುಗಿದುಹೋಗುತ್ತದೆ. ಊಟಕ್ಕೆ ಹೇಗೂ ಕೈ ತೊಳೆಯಬೇಕಲ್ಲ, ಮಣ್ಣಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ದುಡ್ಡಿನ ಮಾತು: ಮಕ್ಕಳು 30 ದಾಟಿ 100ರೊಳಗಿದ್ದರೆ ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಮಾನದಂಡದಂತೆ ವರ್ಷಕ್ಕೆ ಶಾಲಾ ಅನುದಾನ 25,000 ರೂಪಾಯಿ. ಕರೆಂಟ್ ಬಿಲ್ಲು, ರಿಪೇರಿ ಎಲ್ಲ ಅದರಲ್ಲೇ. ಹಾಗಾಗಿ ಅಂಗಡಿ ಬಣ್ಣದಿಂದ ಶುರು ಮಾಡಬೇಡಿ, ಜೇಡಿಮಣ್ಣಿನಿಂದ ಮಾಡಿ.

ಹೊಲದ ಕೆಂಪುಮಣ್ಣಿನಲ್ಲಿ ಮರಳು ಜಾಸ್ತಿ, ಅದು ನಿಲ್ಲುವುದಿಲ್ಲ. ಕೆರೆಯಂಗಳದ ಜೇಡಿ ಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಯ ನೀರು ಬರುವ ಕೆರೆಯಾದರೆ ಆ ಮಣ್ಣು ಮಕ್ಕಳ ಕೈಗೆ ಬೇಡ. ಮಳೆನೀರಿನ ಕುಂಟೆ ಹುಡುಕಿ, ಇಲ್ಲವೇ ಹತ್ತಿರದ ಕುಂಬಾರರನ್ನು ಕೇಳಿ. ಕಲಸಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರಿಯದಿದ್ದರೆ ಸರಿಯಾದ ಮಣ್ಣು.

30 ಮಕ್ಕಳಿಗೆ ತಲಾ 300 ಗ್ರಾಂ ಅಂದರೆ 9 ಕೆ.ಜಿ. ಹಸಿ ಮಣ್ಣು. ಕಲ್ಲು, ಬೇರು ಹೋಗುವುದರಿಂದ 10 ಕೆ.ಜಿ. ಒಣ ಹೆಂಟೆ ತನ್ನಿ. ಪುಡಿ ಮಾಡಿ ಎರಡು ದಿನ ನೆನೆಸಿ, ಕದಡಿ, ಹಳೆಯ ಸೊಳ್ಳೆಪರದೆಯಲ್ಲಿ ಸೋಸಿ. ರಾತ್ರಿ ತಂಗಲು ಬಿಟ್ಟು ಮೇಲಿನ ನೀರು ಬಗ್ಗಿಸಿ, ಗೋಣಿಚೀಲದ ಮೇಲೆ ನೆರಳಿನಲ್ಲಿ ಹರಡಿ. ಕೈಗೆ ಅಂಟದ ಹದಕ್ಕೆ ಬಂದಾಗ ಐದು ಹಿಡಿಗೆ ಒಂದು ಹಿಡಿ ನುಣುಪು ಮರಳು ಸೇರಿಸಿ ಚೆನ್ನಾಗಿ ನಾದಿ. ಒದ್ದೆ ಗೋಣಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮುಂದಿನ ವಾರಕ್ಕೂ ಬರುತ್ತದೆ.

ಮಾಡಿದ ಗೊಂಬೆ ಬಿರುಕು ಬಿಡುವುದಕ್ಕೆ ಕಾರಣಗಳು ಮೂರೋ ನಾಲ್ಕೋ. ಬೇಗ ಒಣಗಲೆಂದು ಬಿಸಿಲಿಗಿಡುವುದು ಮೊದಲನೆಯದು; ಪೇಪರ್ ಮುಚ್ಚಿ ನೆರಳಿನಲ್ಲೇ ಒಣಗಿಸಿ. ಆನೆಯ ಹೊಟ್ಟೆಯಂಥ ದಪ್ಪ ಭಾಗವನ್ನು ಚಮಚದಿಂದ ಒಳಗಿನಿಂದ ಕೆರೆದು ಬೆರಳು ದಪ್ಪಕ್ಕೆ ಇಳಿಸಿ. ಕಾಲು ಗಟ್ಟಿ ನಿಲ್ಲಲೆಂದು ಮಕ್ಕಳು ಕಡ್ಡಿ ಚುಚ್ಚುತ್ತಾರೆ: ಒಣಗುವಾಗ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಕಾಲು ಸೀಳುತ್ತದೆ. ಕಿವಿ, ಸೊಂಡಿಲು ಉದುರಿದರೆ ಬರೀ ಒತ್ತಿ ಅಂಟಿಸಿದ್ದಾರೆಂದೇ ತಿಳಿಯಿರಿ. ಎರಡೂ ಕಡೆ ಗೀರಿ, ಅದೇ ಮಣ್ಣನ್ನು ನೀರಾಗಿ ಕಲಸಿ ಸವರಿ ಕೂಡಿಸಬೇಕು.

ಪೂರ್ತಿ ಒಣಗಿದ ಮೇಲೆ ಬಣ್ಣ. ಕೆಮ್ಮಣ್ಣು, ಇದ್ದಿಲು, ಸೀಮೆಸುಣ್ಣ ಮೂರನ್ನೂ ಬೇರೆಬೇರೆ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಜಾಲಿ ಗೋಂದನ್ನು ರಾತ್ರಿಯೇ ನೆನೆಸಿ. ಎರಡು ಚಮಚ ಪುಡಿಗೆ ಒಂದು ಚಮಚ ಗೋಂದಿನ ನೀರು. ಒಣಗಿದ ಮೇಲೆ ಪುಡಿ ಕೈಗೆ ಹತ್ತಿದರೆ ಗೋಂದು ಕಡಿಮೆ, ಹೊಪ್ಪಳೆ ಎದ್ದರೆ ಜಾಸ್ತಿ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ಅದಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ನಿಜ, ಆದರೆ ಸುಣ್ಣ ಕೈ ಸುಡುತ್ತದೆ; ಅದನ್ನು ಶಿಕ್ಷಕರೇ ಮಾಡಿ ತೋರಿಸಲಿ.

ಏನು ಮಾಡಿಸಬೇಕು? ಅಚ್ಚಿನ ಗಣಪತಿ ಬೇಡ. ತುಮಕೂರು ಕಡೆಯಾದರೆ ಸೋಮನ ಕುಣಿತದ ಮುಖವಾಡ, ಮೂಡಲಪಾಯ ಯಕ್ಷಗಾನದ ವೇಷದ ಕಿರೀಟ ಇವೆ. ಗೊತ್ತಿರುವ ಕಲಾವಿದರು ಊರಲ್ಲಿದ್ದರೆ ಒಂದು ದಿನ ಕರೆಸಿ. ಬರೀ ಶಾಲು ಹೊದಿಸಿ ಕಳಿಸಬೇಡಿ, ಬಸ್ ಚಾರ್ಜು, ಗೌರವಧನದ ದಾರಿಯನ್ನು ಎಸ್‌ಡಿಎಂಸಿಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಸಿಸಿಇಯ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಭಾಗ-ಬಿಯಲ್ಲಿ ಕಲೆಯಂಥ ಸಹಪಠ್ಯ ವಿಷಯಗಳಿಗೆ ಕೊಡುವ ಗ್ರೇಡನ್ನು ವರ್ಷದ ಕೊನೆಯಲ್ಲಿ ಅಂದಾಜಿಗೆ ತುಂಬುವ ಚಾಳಿ ಬಿಡಿ. ಮಗುವಿಗೊಂದು ರಟ್ಟಿನ ಫೈಲ್ ಇಟ್ಟು ತಿಂಗಳಿಗೊಂದು ಕೆಲಸ ಸೇರಿಸಿದರೆ ಸಾಕು. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಹೆಸರು ಕಳಿಸುವ ವಾರದಲ್ಲಿ ಇವೇ ಫೈಲು ತೆರೆದು ಆರಿಸಿ. ಜೂನ್‌ನಲ್ಲೇ ಇಬ್ಬರನ್ನು ಗುರುತಿಸಿ ಅವರಿಗಷ್ಟೇ ಮಣ್ಣು ಕೊಟ್ಟರೆ ಉಳಿದ 28 ಮಕ್ಕಳಿಗೆ ಆ ಪೀರಿಯಡ್ ಇದ್ದೂ ಇಲ್ಲದಂತೆ.