‘ಯಾಕೆ’ ಬದಿಗಿಟ್ಟು ‘ಹೇಗೆ’ ಕೇಳಿ: ಶಾಲೆಯ ಗುಂಡಿನ ದಾಳಿಯನ್ನು ಅರ್ಥಮಾಡಿಕೊಳ್ಳುವ ಕ್ರಮ

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತೆಂಬ ಸುದ್ದಿ ಬಂದ ಒಂದೆರಡು ಗಂಟೆಯೊಳಗೆ ಕಾರಣವೂ ಸಿದ್ಧವಾಗಿರುತ್ತದೆ. ಹುಡುಗನನ್ನು ಯಾರೋ ರೇಗಿಸುತ್ತಿದ್ದರಂತೆ, ವಿಡಿಯೋ ಗೇಮ್ ಹುಚ್ಚಂತೆ, ತಲೆ ಸರಿಯಿರಲಿಲ್ಲವಂತೆ. ಈ ‘ಅಂತೆ’ಗಳು ಮುಂದೆ ಸುಳ್ಳಾದರೂ ಕೇಳಿದವರ ತಲೆಯಿಂದ ಇಳಿಯುವುದಿಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಹೈಸ್ಕೂಲಿನ ಮೇಲೆ ಅಲ್ಲಿಯದೇ ಇಬ್ಬರು ವಿದ್ಯಾರ್ಥಿಗಳು ನಡೆಸಿದ ದಾಳಿಯನ್ನೇ ನೋಡಿ. ‘ಟ್ರೆಂಚ್ ಕೋಟ್ ಮಾಫಿಯಾ’ ಎಂಬ ಗುಂಪಿನ ಹುಡುಗರು ತಮ್ಮನ್ನು ಹೀಯಾಳಿಸುತ್ತಿದ್ದ ಕ್ರೀಡಾಪಟುಗಳ ಮೇಲೆ ಸೇಡು ತೀರಿಸಿಕೊಂಡರು ಎಂಬ ಕಥೆ ಜಗತ್ತಿಡೀ ಹಬ್ಬಿತು. ತನಿಖೆಯಲ್ಲಿ ಹೊರಬಂದದ್ದು ಬೇರೆ: ಆ ಗುಂಪಿನೊಂದಿಗೆ ಇಬ್ಬರ ನಂಟೂ ತೆಳುವಾಗಿತ್ತು, ಅವರ ಗುರಿ ಇಡೀ ಶಾಲೆಯಾಗಿತ್ತು, ತಯಾರಿ ತಿಂಗಳುಗಟ್ಟಲೆ ನಡೆದಿತ್ತು. ಇಪ್ಪತ್ತೈದು ವರ್ಷ ಕಳೆದರೂ ಸೇಡಿನ ಕಥೆಯೇ ಚಾಲ್ತಿಯಲ್ಲಿದೆ.

ಹಾಗಾಗಿ ಮೊದಲ ವಾರ ಕಾರಣದ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಆಗ ಸಿಗುವುದು ನೆರೆಯವರ ಊಹೆ, ಸಹಪಾಠಿಗಳ ಗಾಬರಿಯ ಮಾತು. ಕಾಯಬೇಕಾದದ್ದು ಮೂರು ಬಗೆಯ ದಾಖಲೆಗಾಗಿ: ಪೊಲೀಸರ ಅಥವಾ ಪ್ರಾಸಿಕ್ಯೂಟರ್ ಕಚೇರಿಯ ಅಂತಿಮ ವರದಿ, ನ್ಯಾಯಾಲಯದಲ್ಲಿ ಮಂಡನೆಯಾದ ಸಾಕ್ಷ್ಯ, ಸ್ವತಂತ್ರ ಆಯೋಗದ ವರದಿ. ಇವು ಬರಲು ಒಂದೆರಡು ವರ್ಷ ಹಿಡಿಯಬಹುದು. ಅವಸರದಲ್ಲಿದ್ದರೆ ಹಳೆಯ ಪ್ರಕರಣವನ್ನು ಆರಿಸಿಕೊಳ್ಳಿ.

ಯಾವುದನ್ನು ಎಣಿಸುತ್ತಿದ್ದೀರಿ?

ಕನ್ನಡ ಪತ್ರಿಕೆಗಳಲ್ಲಿ ‘ಈ ವರ್ಷ ಇಷ್ಟು ನೂರು ಶಾಲಾ ಶೂಟಿಂಗ್’ ಎಂಬ ಅಂಕಿ ಕಂಡರೆ ಅದರ ವ್ಯಾಖ್ಯೆ ಕೇಳಿ. ಕೆಲವು ಪಟ್ಟಿಗಳಲ್ಲಿ ರಾತ್ರಿ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ನಡೆದ ಜಗಳ, ಆತ್ಮಹತ್ಯೆ, ಕೈತಪ್ಪಿ ಹಾರಿದ ಗುಂಡು ಎಲ್ಲವೂ ಸೇರಿರುತ್ತವೆ. 2015-16ನೇ ಸಾಲಿನಲ್ಲಿ ಸುಮಾರು 240 ಶಾಲೆಗಳಲ್ಲಿ ಗುಂಡಿನ ಘಟನೆ ನಡೆದಿದೆ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಅಂಶ ಹೇಳಿತ್ತು. ಎನ್‌ಪಿಆರ್ ರೇಡಿಯೋ ಆ ಶಾಲೆಗಳನ್ನೇ ಸಂಪರ್ಕಿಸಿ ವಿಚಾರಿಸಿದಾಗ ಖಚಿತವಾದದ್ದು 11 ಮಾತ್ರ. ಈ ಬರಹದ ವಿಷಯ ‘ಉದ್ದೇಶಿತ ದಾಳಿ’: ಇದೇ ಶಾಲೆಯ ಮೇಲೆ ನುಗ್ಗಬೇಕೆಂದು ಮೊದಲೇ ನಿರ್ಧರಿಸಿ, ಹೆಚ್ಚಾಗಿ ಅಲ್ಲಿಯದೇ ಹಾಲಿ ಅಥವಾ ಮಾಜಿ ವಿದ್ಯಾರ್ಥಿ ನಡೆಸುವುದು. ಬೀದಿ ಜಗಳದ ಗುಂಡಿಗೂ ಇದಕ್ಕೂ ಮನಸ್ಸಿನ ದಾರಿಯೇ ಬೇರೆ. ಎರಡನ್ನೂ ಕಲಸಿದರೆ ಒಂದೂ ಅರ್ಥವಾಗುವುದಿಲ್ಲ.

ಒಂದು ಹಾಳೆ, ಐದು ಕಾಲಂ

ಈಗ ಹಾಳೆಯೊಂದನ್ನು ಅಡ್ಡಲಾಗಿ ಇಟ್ಟುಕೊಂಡು ಐದು ಕಾಲಂ ಎಳೆಯಿರಿ. ಮೊದಲನೆಯದು ಬಿಕ್ಕಟ್ಟು: ಕಳೆದುಕೊಂಡದ್ದು, ಅವಮಾನ, ಹತಾಶೆ, ಸಾಯುವ ಮಾತು. ಎರಡನೆಯದು ಬಾಯಿಬಿಟ್ಟದ್ದು: ಯಾರ ಹತ್ತಿರ, ಯಾವಾಗ, ಏನು ಹೇಳಿದ, ಏನು ಬರೆದ. ಮೂರನೆಯದು ಮಾದರಿ: ಹಿಂದಿನ ಯಾವ ದಾಳಿಕೋರನನ್ನು ಹಿಂಬಾಲಿಸಿದ. ನಾಲ್ಕನೆಯದು ಬಂದೂಕು: ಅದು ಯಾರದ್ದು, ಕೈಗೆ ಹೇಗೆ ಸಿಕ್ಕಿತು. ಐದನೆಯದನ್ನು ಉಳಿದವಕ್ಕಿಂತ ಅಗಲವಾಗಿ ಬಿಡಿ, ಅದರ ಹೆಸರು ‘ಎಲ್ಲಿ ನಿಂತಿತು’: ಆ ಮಾಹಿತಿ ಯಾರ ಮೇಜಿನವರೆಗೆ ಬಂತು, ಅಲ್ಲಿಂದ ಯಾಕೆ ಮುಂದೆ ಹೋಗಲಿಲ್ಲ. ಪ್ರತಿ ನಮೂದಿಗೂ ದಿನಾಂಕ ಇರಲೇಬೇಕು. ದಿನಾಂಕವಿಲ್ಲದ ಮಾತು, ಉದಾಹರಣೆಗೆ ‘ಅವನು ಒಂಟಿಯಾಗಿರುತ್ತಿದ್ದ’, ದಾಳಿಯ ನಂತರ ಹುಟ್ಟಿದ ನೆನಪೂ ಆಗಿರಬಹುದು.

ತುಂಬಿಸಿ ನೋಡಲು ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನ ಪ್ರಕರಣ ತಕ್ಕುದು, ಏಕೆಂದರೆ ಮೂರು ಮೊಕದ್ದಮೆಗಳಿಂದಾಗಿ ಅದರ ದಾಖಲೆ ದಟ್ಟವಾಗಿದೆ. ದಾಳಿ ನಡೆದದ್ದು 2021ರ ನವೆಂಬರ್ 30ರಂದು. 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ.

ಬಿಕ್ಕಟ್ಟು: ಆ ವರ್ಷದ ಆರಂಭದಲ್ಲೇ ಮನೆಯಲ್ಲಿ ಏನೇನೋ ಕಾಣಿಸುತ್ತಿದೆ ಎಂದು ತಾಯಿಗೆ ಮೆಸೇಜ್ ಮಾಡಿದ್ದ. ವೈದ್ಯರ ಹತ್ತಿರ ಕರೆದೊಯ್ಯಿ ಎಂದರೆ ಅಪ್ಪ ಸಹಿಸಿಕೋ ಎಂದರು, ಅಮ್ಮ ನಕ್ಕರು ಎಂದು ಗೆಳೆಯನಿಗೆ ಬರೆದಿದ್ದ. ಇದ್ದೊಬ್ಬ ಆಪ್ತ ಗೆಳೆಯನೂ ಅಕ್ಟೋಬರ್ ಕೊನೆಗೆ ಊರು ಬಿಟ್ಟ. ಬಂದೂಕು: ನವೆಂಬರ್ 26ರಂದು ತಂದೆ ಪಿಸ್ತೂಲು ಕೊಂಡರು. ಮರುದಿನ ತಾಯಿ ಮಗನನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಕರೆದೊಯ್ದರು. ಬಾಯಿಬಿಟ್ಟದ್ದು: 29ರಂದು ತರಗತಿಯಲ್ಲಿ ಫೋನಿನಲ್ಲಿ ಮದ್ದುಗುಂಡು ಹುಡುಕುತ್ತಿದ್ದುದನ್ನು ಶಿಕ್ಷಕಿಯೊಬ್ಬರು ಕಂಡರು, ಶಾಲೆ ಮನೆಗೆ ತಿಳಿಸಿತು, ಸಿಕ್ಕಿಬೀಳದಂತೆ ಇರುವುದನ್ನು ಕಲಿ ಎಂದು ತಾಯಿ ತಮಾಷೆಯ ಮೆಸೇಜ್ ಕಳಿಸಿದರು. 30ರ ಬೆಳಿಗ್ಗೆ ಗಣಿತದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ, ರಕ್ತದ ಮಾತು, ಈ ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ ಎಂಬ ಸಾಲು.

ಐದನೇ ಕಾಲಂನಲ್ಲಿ ಪೆನ್ನು ನಿಧಾನಿಸಲಿ. ಹೆತ್ತವರನ್ನು ಶಾಲೆಗೆ ಕರೆಸಲಾಯಿತು. 48 ಗಂಟೆಯೊಳಗೆ ಆಪ್ತಸಮಾಲೋಚನೆ ಕೊಡಿಸಿ ಎಂದು ಕೌನ್ಸೆಲರ್ ಹೇಳಿದರು. ಕೆಲಸವಿದೆ ಎಂದು ಹೆತ್ತವರು ಹೊರಟರು, ಮನೆಯಲ್ಲಿ ಹೊಸ ಪಿಸ್ತೂಲಿದೆ ಎಂಬ ಮಾತೆತ್ತಲಿಲ್ಲ. ಹುಡುಗ ತರಗತಿಗೆ ಮರಳಿದ. ಬ್ಯಾಗನ್ನು ಯಾರೂ ತೆರೆದು ನೋಡಲಿಲ್ಲ, ಪಿಸ್ತೂಲು ಅದರಲ್ಲೇ ಇತ್ತು. ಸಂಚಿನ ವಿವರ ಬರೆದಿದ್ದ ದಿನಚರಿಯೂ ಅದರಲ್ಲೇ ಇತ್ತು. ಆ ಕೋಣೆಯಲ್ಲಿದ್ದ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು ಇತ್ತು, ಜೋಡಿಸಿದವರಿಲ್ಲ. 2024ರಲ್ಲಿ ತಂದೆ ತಾಯಿ ಇಬ್ಬರೂ ಉದ್ದೇಶವಿಲ್ಲದ ನರಹತ್ಯೆಯ ಅಪರಾಧಿಗಳೆಂದು ಸಾಬೀತಾಗಿ, 10ರಿಂದ 15 ವರ್ಷಗಳ ಶಿಕ್ಷೆ ಪಡೆದರು. ಮಗ ನಡೆಸಿದ ಶಾಲಾ ದಾಳಿಗೆ ಹೆತ್ತವರ ಮೇಲೆ ಇಂಥ ಅಪರಾಧ ಸಾಬೀತಾದದ್ದು ಅಮೆರಿಕದಲ್ಲಿ ಅದೇ ಮೊದಲು.

ಈಗ ‘ಯಾಕೆ’ ಎಂಬ ಒಂದೇ ಪದದ ಪ್ರಶ್ನೆಗೆ ಉತ್ತರ ಹುಡುಕಿ. ಮಾನಸಿಕ ಯಾತನೆಯೇ, ಒಂಟಿತನವೇ, ಮನೆಯವರ ಅಸಡ್ಡೆಯೇ, ಪಿಸ್ತೂಲೇ? ಇವು ಬಿಡಿಬಿಡಿಯಾಗಿ ಲಕ್ಷಾಂತರ ಮನೆಗಳಲ್ಲಿವೆ. ಐದು ದಿನಗಳಲ್ಲಿ ಒಂದರ ಮೇಲೊಂದು ಬಂದು ಕೂತದ್ದು ದಿನಾಂಕ ಹಾಕಿದ ಮೇಲೆ ಮಾತ್ರ ಕಾಣುತ್ತದೆ.

ಕಾಲಂ ತುಂಬುವಾಗ ಆಗುವ ತಪ್ಪುಗಳು

ಅಳತೆಗೋಲಾಗಿ ಒಂದು ಅಧ್ಯಯನವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್, ಶಿಕ್ಷಣ ಇಲಾಖೆಯ ಜೊತೆ ಸೇರಿ, 1974ರಿಂದ 2000ದವರೆಗಿನ 37 ದಾಳಿಗಳ 41 ದಾಳಿಕೋರರನ್ನು ಅಭ್ಯಸಿಸಿ 2002ರಲ್ಲಿ ವರದಿ ಕೊಟ್ಟಿತು. ಹತ್ತು ಮಂದಿಯನ್ನು ಜೈಲಿನಲ್ಲಿ ಎದುರು ಕೂರಿಸಿಕೊಂಡು ಮಾತಾಡಿಸಿತು ಕೂಡ. ಅಂಗರಕ್ಷಕರಿಗೆ ಶಾಲೆಯ ಉಸಾಬರಿ ಯಾಕೆ ಎನ್ನಿಸಬಹುದು. ಗಣ್ಯರ ಮೇಲೆ ದಾಳಿ ಮಾಡಿದವರನ್ನು ಅವರು ಅದಕ್ಕೂ ಮುಂಚೆ ಅಭ್ಯಾಸ ಮಾಡಿದ್ದರು, ಅದೇ ವಿಧಾನ ಇಲ್ಲಿಗೂ ಒದಗಿತು.

ಆ ವರದಿಯ ಪ್ರಕಾರ 71 ಪ್ರತಿಶತ ದಾಳಿಕೋರರು ತಮಗೆ ಇತರರಿಂದ ಕಿರುಕುಳವಾಗಿದೆ ಎಂದು ಭಾವಿಸಿದ್ದರು. ‘ಭಾವಿಸಿದ್ದರು’ ಎಂಬಲ್ಲಿ ಅಡಿಗೆರೆ ಹಾಕಿ. ಕೆಲವರ ನೋವು ನಿಜ, ಕೆಲವರ ವಿಷಯದಲ್ಲಿ ಚಿಕ್ಕ ಮುಖಭಂಗವೇ ಮನಸ್ಸಿನಲ್ಲಿ ಊದಿಕೊಂಡಿರುತ್ತದೆ. ಯಾರು ಏನು ಮಾಡಿದರು, ಅವನಿಗೆ ಅದು ಹೇಗೆ ಕಂಡಿತು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ವಿಡಿಯೋ ಗೇಮ್ ವಿಷಯಕ್ಕೆ ಬಂದರೆ, ಹಿಂಸೆಯ ಗೇಮ್‌ಗಳಲ್ಲಿ ಆಸಕ್ತಿ ತೋರಿದ್ದವರು 12 ಪ್ರತಿಶತ. ತಾವೇ ಬರೆದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಹಿಂಸೆಯನ್ನು ತುಂಬಿದ್ದವರು 37 ಪ್ರತಿಶತ. ಗೇಮಿನ ಬಗ್ಗೆ ಬೈಯುವ ಶಕ್ತಿಯನ್ನು ಪ್ರಬಂಧದ ನೋಟ್‌ಬುಕ್ ಓದಲು ಬಳಸಿದರೆ ಲಾಭ ಹೆಚ್ಚು.

ಬಹಳ ಮಂದಿ ಬಿಟ್ಟೇಬಿಡುವ ಅಂಕಿ ಇನ್ನೊಂದಿದೆ: 78 ಪ್ರತಿಶತ ಮಂದಿ ಹಿಂದೆ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಮಾಡಿದ್ದವರು. ಈ ದಾಳಿಯನ್ನು ಕೊಲೆಯೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಎಷ್ಟೋ ಪ್ರಕರಣಗಳಲ್ಲಿ ಇದು ಸಾಯಲು ಹೊರಟವನು ತನ್ನ ಸಾವಿಗೆ ಇತರರನ್ನೂ ಎಳೆದುಕೊಂಡದ್ದು. ಆದ್ದರಿಂದಲೇ ಕಠಿಣ ಶಿಕ್ಷೆಯ ಭಯ ಇಲ್ಲಿ ಕೆಲಸ ಮಾಡುವುದಿಲ್ಲ. ಆತ್ಮಹತ್ಯೆ ತಡೆಯುವ ಸಾಮಾನ್ಯ ಕ್ರಮಗಳು ಮಾಡುತ್ತವೆ. ಮಗುವನ್ನು ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯನ್ನು ಬಿತ್ತಿದಂತಾಗುವುದಿಲ್ಲ.

‘ಹುಚ್ಚು’ ಎಂಬ ಹಣೆಪಟ್ಟಿ ಎಲ್ಲಕ್ಕಿಂತ ಅಗ್ಗದ್ದು. ಕೆಲವು ದಾಳಿಕೋರರಿಗೆ ಭ್ರಮೆಯ ಕಾಯಿಲೆ ಇತ್ತು, ಹಲವರಿಗೆ ಇರಲಿಲ್ಲ, ಕಾಯಿಲೆ ಇರುವವರಲ್ಲಿ ಬಹುಪಾಲು ಯಾರ ಮೈಯನ್ನೂ ಮುಟ್ಟುವುದಿಲ್ಲ.

ಇನ್ನು ಬಂದೂಕು. 2002ರ ವರದಿಯಲ್ಲಿ 68 ಪ್ರತಿಶತ ದಾಳಿಕೋರರಿಗೆ ಅದು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ. 2008ರಿಂದ 2017ರವರೆಗಿನ 41 ದಾಳಿಗಳನ್ನು ನೋಡಿದ 2019ರ ವರದಿಯಲ್ಲೂ ಬಂದೂಕು ಬಳಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹಾಗೆಯೇ. ಕೊಡಗಿನ ಓದುಗರು ಇಲ್ಲಿ ತಡೆದು ಕೇಳುವ ಪ್ರಶ್ನೆ ನ್ಯಾಯವಾದದ್ದು: ಕೊಡವರಿಗೆ ಬ್ರಿಟಿಷರ ಕಾಲದಿಂದ ಪರವಾನಗಿ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ, ಅಲ್ಲಿ ಹೀಗಾಗಿಲ್ಲವಲ್ಲ? ನಿಜ. ಬಂದೂಕು ತಾನೇ ಮನಸ್ಸನ್ನು ಕೊಲೆಗೆ ತಿರುಗಿಸುವುದಿಲ್ಲ. ಅದು ಮೊದಲ ಮೂರು ಕಾಲಂ ತುಂಬಿರುವ ಮಗುವಿಗೆ ದಾರಿ ತೆರೆಯುತ್ತದೆ. ಮೂರನೇ ಕಾಲಂ, ಅಂದರೆ ಹೀಗೆ ಮಾಡಿ ಹೆಸರಾದವರ ಮಾದರಿ, ಅಮೆರಿಕದ ಹುಡುಗರ ಕಣ್ಣ ಮುಂದೆ ಕೊಲಂಬೈನ್‌ನಿಂದಲೂ ಇದೆ. ಹೀಗಾಗಿ ದಾಳಿಕೋರನ ಹೆಸರು, ಫೋಟೋ, ಅವನ ಹೇಳಿಕೆಪತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಒಂದು ದಾಳಿಯ ನಂತರ ಸರಾಸರಿ 13 ದಿನ ಇನ್ನೊಂದರ ಸಂಭವ ಏರಿರುತ್ತದೆ ಎಂದು 2015ರ ಅಧ್ಯಯನವೊಂದು ಲೆಕ್ಕ ಹಾಕಿದೆ.

ಲಕ್ಷಣಪಟ್ಟಿ ಯಾಕೆ ಕೈಕೊಡುತ್ತದೆ

‘ಕಪ್ಪು ಬಟ್ಟೆ, ಒಂಟಿ ಹುಡುಗ, ಮೌನ’ ಮಾದರಿಯ ಪಟ್ಟಿಗಳನ್ನು ಹರಿದುಹಾಕಿ. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸುಮಾರು 5 ಕೋಟಿ ಮಕ್ಕಳಿದ್ದಾರೆ. ನೂರಕ್ಕೆ ಒಬ್ಬ ಅಮಾಯಕನನ್ನು ಮಾತ್ರ ತಪ್ಪಾಗಿ ಹಿಡಿಯುವ ಅದ್ಭುತ ಪಟ್ಟಿಯೊಂದು ಇದೆಯೆಂದೇ ಇಟ್ಟುಕೊಳ್ಳಿ. ಆಗಲೂ 5 ಲಕ್ಷ ಮಕ್ಕಳು ಶಂಕಿತರಾಗುತ್ತಾರೆ. ದಾಳಿ ಮಾಡುವವರು ಬೆರಳೆಣಿಕೆಯಷ್ಟು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2000ದಲ್ಲಿ, ಸೀಕ್ರೆಟ್ ಸರ್ವಿಸ್ 2002ರಲ್ಲಿ ಹೇಳಿದ್ದೂ ಇದನ್ನೇ: ಹುಡುಗ ಎಂಥವನು ಎಂದು ನೋಡಬೇಡಿ, ಏನು ಮಾಡುತ್ತಿದ್ದಾನೆ ನೋಡಿ. 81 ಪ್ರತಿಶತ ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗೆ ವಿಷಯ ಮೊದಲೇ ಗೊತ್ತಿತ್ತು, ಹೆಚ್ಚಾಗಿ ಅವನದೇ ವಯಸ್ಸಿನವರಿಗೆ.

ಮಗುವೊಂದು ಬೆದರಿಕೆ ಹಾಕಿತು ಎಂದಾಗ ತೂಗುವ ಕ್ರಮವನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯೂಯಿ ಕಾರ್ನೆಲ್ ತಂಡ 2001ರಲ್ಲಿ ರೂಪಿಸಿತು. ಅದರ ತಿರುಳು ಬೆದರಿಕೆ ಕ್ಷಣಿಕವೋ ಗಟ್ಟಿಯಾದದ್ದೋ ಎಂಬ ವಿಂಗಡಣೆ. ಕೇಳಬೇಕಾದ್ದು ಸರಳ: ನಿಖರವಾಗಿ ಏನಂದೆ? ಆ ಹೊತ್ತಿಗೆ ಮುಂಚೆ ಏನು ನಡೆದಿತ್ತು? ಹಾಗಂದರೆ ನಿನ್ನ ಅರ್ಥವೇನಿತ್ತು? ಈಗ ಏನನ್ನಿಸುತ್ತಿದೆ? ಜಗಳದ ಬಿಸಿಯಲ್ಲಿ ‘ಸಾಯಿಸಿಬಿಡ್ತೀನಿ’ ಎಂದು, ಅರ್ಧ ಗಂಟೆಯಲ್ಲಿ ತಣ್ಣಗಾಗಿ, ಕ್ಷಮೆ ಕೇಳಿ, ರಾಜಿಯಾದರೆ ಅದು ಕ್ಷಣಿಕ. ದಿನ, ಜಾಗ, ಯಾರ ಮೇಲೆ ಎಂಬ ವಿವರಗಳಿದ್ದರೆ, ಅದೇ ಮಾತನ್ನು ಬೇರೆಬೇರೆಯವರಿಗೆ ಹೇಳಿದ್ದರೆ, ‘ಆವತ್ತು ಶಾಲೆಗೆ ಬರಬೇಡ’ ಎಂದು ಗೆಳೆಯನನ್ನು ಎಚ್ಚರಿಸಿದ್ದರೆ, ಆಯುಧ ಹುಡುಕಿದ್ದರೆ ಅದು ಗಟ್ಟಿ. ಎರಡನೆಯ ಬಗೆಯದನ್ನು ಒಬ್ಬ ಕೌನ್ಸೆಲರ್ ಮೇಲೆ ಹೊರಿಸಬಾರದು. ಆಡಳಿತ, ಮನಃಶಾಸ್ತ್ರಜ್ಞ, ಪೊಲೀಸ್ ಒಟ್ಟಿಗೆ ಕೂತು ತಮ್ಮ ತಮ್ಮ ತುಂಡುಗಳನ್ನು ಮೇಜಿನ ಮೇಲೆ ಇಡಬೇಕು. ವರ್ಜೀನಿಯಾ ರಾಜ್ಯ 2013ರಿಂದ ಸರ್ಕಾರಿ ಶಾಲೆಗಳಿಗೆ ಇಂಥ ತಂಡವನ್ನು ಕಡ್ಡಾಯ ಮಾಡಿದೆ.

ಶಾಲೆಯಿಂದ ಹೊರಹಾಕಿ ಕೈತೊಳೆದುಕೊಳ್ಳುವುದು ಪದೇಪದೇ ಕಾಣುವ ತಪ್ಪು. ಹೊರಹಾಕಿದ ಮೇಲೆ ಅವನ ಮೇಲೆ ಕಣ್ಣಿಡುವವರೂ ಇಲ್ಲ, ಅವನ ದ್ವೇಷಕ್ಕೆ ಇನ್ನೊಂದು ಕಾರಣವೂ ಸಿಕ್ಕಂತಾಯಿತು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲೆಂಡ್‌ನಲ್ಲಿ 17 ಜನರನ್ನು ಕೊಂದವನನ್ನು ಅದೇ ಶಾಲೆ ಹಿಂದಿನ ವರ್ಷ ಬೇರೆಡೆಗೆ ಕಳಿಸಿತ್ತು. ದಾಳಿಗೆ ಮುಂಚಿನ ಜನವರಿ 5ರಂದು ಅವನ ಬಗ್ಗೆ ಎಫ್‌ಬಿಐಗೆ ಕರೆಯೂ ಬಂದಿತ್ತು, ಅದು ಆ ಭಾಗವನ್ನು ನೋಡಿಕೊಳ್ಳುವ ಮಯಾಮಿ ಕಚೇರಿಗೆ ತಲುಪಲೇ ಇಲ್ಲ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ

ಮಗಳೋ ಮಗನೋ ಗೆಳೆಯರ ಮನೆಗೆ ಆಡಲು ಹೊರಟಾಗ ‘ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ?’ ಎಂದು ಕೇಳಲು ನಮ್ಮವರಿಗೆ ಸಂಕೋಚ. ಕಡಲೆಕಾಯಿ ಅಲರ್ಜಿ, ನಾಯಿ, ಈಜುಕೊಳದ ವಿಚಾರ ಕೇಳುವ ಉಸಿರಿನಲ್ಲೇ ಇದನ್ನೂ ಕೇಳಿಬಿಡಿ. ಸರಿಯಾದ ಉತ್ತರ ಹೀಗಿರುತ್ತದೆ: ಗುಂಡು ತೆಗೆದು, ಬೀಗ ಹಾಕಿ ಇಟ್ಟಿದ್ದೇವೆ, ಗುಂಡುಗಳು ಬೇರೆ ಕಡೆ ಬೀಗದಲ್ಲಿವೆ. ‘ಮಕ್ಕಳಿಗೆ ಎಲ್ಲಿದೆ ಅಂತ ಗೊತ್ತಿಲ್ಲ’ ಎಂಬುದು ಉತ್ತರವಲ್ಲ, ಮಕ್ಕಳಿಗೆ ಗೊತ್ತಿರುತ್ತದೆ. ಮಗು ಯಾರದೋ ಮಾತನ್ನು ಮನೆಗೆ ತಂದರೆ ‘ನಮಗ್ಯಾಕೆ ಊರ ಉಸಾಬರಿ’ ಎನ್ನದೆ, ಅವತ್ತೇ ಶಾಲೆಗೂ ರಾಜ್ಯದ ಅನಾಮಧೇಯ ಸುಳಿವು ವ್ಯವಸ್ಥೆಗೂ ತಿಳಿಸಿ. ಆಯುಧ ಕೈಯಲ್ಲಿದೆ ಎಂದಾದರೆ ತುರ್ತು ಕರೆಯ ಸಂಖ್ಯೆ 911. ಸಾಯುವ ಮಾತಾಡುವ ಮಗುವಿಗೆ ಆತ್ಮಹತ್ಯೆ ತಡೆ ಸಹಾಯವಾಣಿ 988. ಭಾರತದಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ಕಾಲಂ ಖಾಲಿ ಉಳಿದರೆ

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಸಿಬ್ಬಂದಿಯೂ ಸತ್ತರು. ಮರುವರ್ಷದ ಅಧಿಕೃತ ವರದಿ, ದಾಳಿಕೋರ ಹೀಗೆ ಮಾಡಿದ್ದೇಕೆ ಎಂಬುದಕ್ಕೆ ಖಚಿತ ಉತ್ತರ ಸಿಕ್ಕಿಲ್ಲ ಎಂದು ಬರೆಯಿತು. ಅಲ್ಲಿ ಊಹೆಯನ್ನು ತುರುಕಬೇಡಿ, ಖಾಲಿ ಬಿಡಿ. ಉಳಿದ ಕಾಲಂಗಳು ತುಂಬುತ್ತವೆ: ಬಂದೂಕುಗಳು ತಾಯಿಯವು, ಅವನು ಕೊಲಂಬೈನ್ ದಾಳಿಯ ಬಗ್ಗೆ ಬಗೆಬಗೆಯ ವಿವರ ಕಲೆಹಾಕಿದ್ದ, ಕೊನೆಯ ತಿಂಗಳುಗಳಲ್ಲಿ ಒಂದೇ ಮನೆಯಲ್ಲಿದ್ದ ತಾಯಿಯೊಂದಿಗೆ ಇಮೇಲ್‌ನಲ್ಲಿ ಮಾತಾಡುತ್ತಿದ್ದ. 2014ರಲ್ಲಿ ಆ ರಾಜ್ಯದ ಮಕ್ಕಳ ಹಕ್ಕುಗಳ ಕಚೇರಿ ‘ಯಾಕೆ’ಗೆ ಕೈಹಾಕದೆ, ಅವನ ಚಿಕಿತ್ಸೆ ಮತ್ತು ಶಿಕ್ಷಣ ಯಾವ ವರ್ಷ, ಯಾರ ಕೈಯಲ್ಲಿ ತಪ್ಪಿಹೋಯಿತು ಎಂದು ಹಂತಹಂತವಾಗಿ ದಾಖಲಿಸಿತು. ಐದನೇ ಕಾಲಂ ತುಂಬುವುದನ್ನು ಕಲಿಯಲು ಆ ವರದಿಯನ್ನೇ ಮೊದಲು ಓದಿ.