ಕೇಕಿಗೆ ಬೇಕಾದ ಬಾಳೆಹಣ್ಣನ್ನು ಚಳಿಯೂರಿನ ಮನೆಯಲ್ಲಿ ಬೇಗ ಮಾಗಿಸುವ ಬಗೆ

ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಚಿಕ್ಕಮಗಳೂರಿನ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಪಚ್ಚಬಾಳೆಯ ಚಿಪ್ಪು ವಾರ ಕಳೆದರೂ ಹಣ್ಣಾಗದೆ ಉಳಿಯುವುದುಂಟು. ಭಾನುವಾರ ಕೇಕು ಮಾಡಬೇಕೆಂದು ಶುಕ್ರವಾರ ಕಾಯಿ ತಂದು, ಅದನ್ನು ಕಾಗದದ ಚೀಲದಲ್ಲಿಟ್ಟು, ಎರಡು ದಿನ ಬಿಟ್ಟು ತೆರೆದಾಗ ಅದೇ ಹಸಿರು ಕಂಡು ನಿರಾಶೆಗೊಂಡವರು ಈ ಊರಿನಲ್ಲಿ ಹಲವರಿದ್ದಾರೆ. ಚೀಲದ ಉಪಾಯದಲ್ಲಿ ತಪ್ಪೇನೂ ಇಲ್ಲ. ಆದರೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ ನಮ್ಮ ಮನೆಗಳಲ್ಲಿ ಚೀಲದಷ್ಟೇ ಮುಖ್ಯವಾದದ್ದು ಆ ಚೀಲವನ್ನು ಎಲ್ಲಿ ಇಡುತ್ತೇವೆ ಎಂಬುದು.

ಇನ್ನೊಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಹಣ್ಣನ್ನು ಮಾಗಿಸುವುದು ಬೇರೆ, ಮೆತ್ತಗೆ ಮಾಡುವುದು ಬೇರೆ. ಚೀಲ, ಅಕ್ಕಿಡಬ್ಬಿ, ಬೆಚ್ಚಗಿನ ಮೂಲೆ ಇವು ಕಾಯನ್ನು ನಿಜವಾಗಿ ಮಾಗಿಸುತ್ತವೆ, ಅದಕ್ಕೆ ದಿನಗಳು ಬೇಕು. ಓವನ್ ಮತ್ತು ಫ್ರೀಜರ್ ಕೆಲವೇ ಗಂಟೆಗಳಲ್ಲಿ ಹಣ್ಣನ್ನು ಮೆತ್ತಗೆ ಮಾಡುತ್ತವೆಯೇ ಹೊರತು ಕಾಯನ್ನು ಹಣ್ಣು ಮಾಡುವುದಿಲ್ಲ. ಕೈಯಲ್ಲಿರುವ ಚಿಪ್ಪಿನ ಬಣ್ಣವನ್ನೂ ಕೇಕಿಗೆ ಉಳಿದಿರುವ ಸಮಯವನ್ನೂ ನೋಡಿ ಇವೆರಡರಲ್ಲಿ ಯಾವುದು ಸಾಧ್ಯ ಎಂದು ನಿರ್ಧರಿಸಿದರೆ ಹಿಟ್ಟು, ಬೆಣ್ಣೆ, ಶ್ರಮ ಯಾವುದೂ ವ್ಯರ್ಥವಾಗುವುದಿಲ್ಲ.

ಕಾಯಿಯ ಒಳಗೆ ನಡೆಯುವುದು

ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಶೇಕಡಾ 20ಕ್ಕೂ ಹೆಚ್ಚು ಪಿಷ್ಟವಿರುತ್ತದೆ. ಪೂರ್ತಿ ಮಾಗಿದ ಪಚ್ಚಬಾಳೆಯಲ್ಲಿ ಅದು ಶೇಕಡಾ ಒಂದೆರಡಕ್ಕೆ ಇಳಿದಿರುತ್ತದೆ, ಉಳಿದದ್ದರಲ್ಲಿ ಬಹುಪಾಲು ಸಕ್ಕರೆಯಾಗಿರುತ್ತದೆ. ಜೊತೆಗೆ ಒಗರು ಕಳೆಯುತ್ತದೆ, ಜೀವಕೋಶಗಳನ್ನು ಹಿಡಿದಿಟ್ಟಿದ್ದ ಪೆಕ್ಟಿನ್ ಸಡಿಲಗೊಳ್ಳುತ್ತದೆ, ಮತ್ತು ಐಸೋಅಮೈಲ್ ಅಸಿಟೇಟ್ ಮೊದಲಾದ ಪರಿಮಳದ್ರವ್ಯಗಳು ಹುಟ್ಟುತ್ತವೆ. ಕೇಕಿನಲ್ಲಿ “ಬಾಳೆಹಣ್ಣಿನ ಘಮ” ಎಂದು ನಾವು ಗುರುತಿಸುವುದು ಇವುಗಳನ್ನೇ. ಈ ಎಲ್ಲ ಬದಲಾವಣೆಗೆ ಚಾಲನೆ ಕೊಡುವುದು ಹಣ್ಣೇ ಹೊರಬಿಡುವ ಎಥಿಲೀನ್ ಅನಿಲ. ಸ್ವಲ್ಪ ಎಥಿಲೀನ್ ಸೋಕಿದ ಕಾಯಿ ತಾನೂ ಇನ್ನಷ್ಟು ಎಥಿಲೀನ್ ಹೊರಸೂಸಲು ತೊಡಗುತ್ತದೆ. ಆದ್ದರಿಂದಲೇ ಗೊನೆಯಲ್ಲಿ ಒಂದು ಕಾಯಿ ಹಣ್ಣಾದರೆ ಉಳಿದವು ಸಾಲಾಗಿ ಅದನ್ನು ಹಿಂಬಾಲಿಸುತ್ತವೆ.

ಮಾವಿನಕಾಯನ್ನು ಭತ್ತದ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದ, ಬಾಳೆಗೊನೆಯನ್ನು ಅಟ್ಟಕ್ಕೇರಿಸಿ ಗೋಣಿ ಮುಚ್ಚುತ್ತಿದ್ದ ನಮ್ಮ ಹಿರಿಯರಿಗೆ ಈ ಅನಿಲದ ಹೆಸರು ತಿಳಿದಿರಲಿಲ್ಲ. ಆದರೂ ಅನಿಲವನ್ನು ಹಿಡಿದಿಡುವುದು, ಶಾಖ ಕಾಯುವುದು ಎಂಬ ಎರಡು ಕೆಲಸಗಳನ್ನು ಅವರು ಒಟ್ಟಿಗೇ ಮಾಡುತ್ತಿದ್ದರು. ಕೆಳಗೆ ಒಲೆ ಉರಿಯುತ್ತಿದ್ದ ಮಲೆನಾಡಿನ ಅಟ್ಟ ಬಾಳೆಗೊನೆಗೆ ಹೇಳಿ ಮಾಡಿಸಿದಂಥ ಜಾಗವಾಗಿತ್ತು. ಗ್ಯಾಸ್ ಒಲೆ ಬಂದ ಮೇಲೆ ಮುಚ್ಚುವುದೊಂದು ಉಳಿಯಿತು, ಬೆಚ್ಚಗಿಡುವುದು ಮರೆತುಹೋಯಿತು.

ಬಲಿತ ಕಾಯನ್ನೇ ಆರಿಸಿ

ಎಷ್ಟೇ ಜಾಣತನದಿಂದ ಇಟ್ಟರೂ ಎಳೆಕಾಯಿ ಸಿಹಿಯಾಗುವುದಿಲ್ಲ. ಮಳೆಗಾಲದ ಗಾಳಿಗೆ ತೋಟದ ಬಾಳೆ ಮುರಿದು ಬಿದ್ದಾಗ ಇನ್ನೂ ಬಲಿಯದ ಗೊನೆಗಳೂ ಸಂತೆಗೆ ಬರುತ್ತವೆ. ಒಮ್ಮೆ ಆಷಾಢದಲ್ಲಿ ಅಂಥದೊಂದು ಚಿಪ್ಪನ್ನು ತಂದು ಐದು ದಿನ ಕಾದೆ. ಸಿಪ್ಪೆ ಸುಕ್ಕಾಗಿ ಕಪ್ಪಾಯಿತು, ತಿರುಳು ಮಾತ್ರ ರಬ್ಬರಿನಂತೆ ಒಗರಾಗಿಯೇ ಉಳಿಯಿತು, ಕೇಕಿನಲ್ಲಿ ಬಿಳಿಯ ಗಂಟುಗಳು ಹಾಗೆಯೇ ಕುಳಿತವು. ಏಣುಗಳು ಚೂಪಾಗಿ ಎದ್ದು ಕಾಣುವ ಕಾಯನ್ನು ಪಲ್ಯಕ್ಕೆ ಇಟ್ಟುಕೊಳ್ಳಿ. ಏಣು ಕರಗಿ ಮೈ ದುಂಡಗಾಗಿರುವ, ತುದಿಯ ಒಣಹೂವು ಮುಟ್ಟಿದರೆ ಉದುರುವ ಕಾಯನ್ನು ಕೇಕಿಗೆ ಆರಿಸಿ.

ತಳಿಯ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಪಚ್ಚಬಾಳೆ. ಅದು ಚೆನ್ನಾಗಿ ಮಾಗಿದಾಗ ಹಿಟ್ಟಿನಲ್ಲಿ ಪೂರ್ತಿ ಕರಗುತ್ತದೆ, ಪರಿಮಳವೂ ಧಾರಾಳ. ಏಲಕ್ಕಿಬಾಳೆ ಹೆಚ್ಚು ಸಿಹಿ, ತುಸು ಹುಳಿ, ನೀರಿನಂಶ ಕಡಿಮೆ. ಅದನ್ನು ಬಳಸುವಾಗ ಹಿಟ್ಟಿಗೆ ಒಂದೆರಡು ಚಮಚ ಹಾಲು ಸೇರಿಸಬೇಕಾಗುತ್ತದೆ. ನೇಂದ್ರ ಮಾಗಿದ ಮೇಲೂ ತನ್ನೊಳಗೆ ಸಾಕಷ್ಟು ಪಿಷ್ಟ ಉಳಿಸಿಕೊಳ್ಳುವುದರಿಂದ ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಅದನ್ನು ಮುಟ್ಟಿ.

ಚೀಲ ಮತ್ತು ಬೆಚ್ಚಗಿನ ಜಾಗ

ಕಂದು ಕಾಗದದ ಚೀಲ ಸಿಕ್ಕಿದರೆ ಸರಿ, ಇಲ್ಲವಾದರೆ ಎರಡು ಪದರ ವೃತ್ತಪತ್ರಿಕೆಯೂ ಸಾಕು. ಅದರೊಳಗೆ ಬಾಳೆಯ ಜೊತೆ ಒಂದು ಮಾಗಿದ ಸೇಬನ್ನೋ ಎರಡು ಕೆಂಪು ಟೊಮೆಟೊಗಳನ್ನೋ ಇಟ್ಟು, ಬಾಯನ್ನು ಎರಡು ಸುತ್ತು ಮಡಚಿ. ಸೇಬು ಎಥಿಲೀನನ್ನು ಹೇರಳವಾಗಿ ಬಿಡುತ್ತದೆ. ಮಾಗಿದ ಪರಂಗಿ, ಸೀಬೆ ಕೂಡ ಆಗುತ್ತವೆ, ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಕಳಿತ ಒಂದು ಬಾಳೆಹಣ್ಣೇ ಸಾಕು. ಕಿತ್ತಳೆ, ದ್ರಾಕ್ಷಿಗಳಿಂದ ಈ ಕೆಲಸ ಆಗುವುದಿಲ್ಲ, ಅವು ಎಥಿಲೀನನ್ನು ಹೇರಳವಾಗಿ ಬಿಡುವ ಜಾತಿಯ ಹಣ್ಣುಗಳಲ್ಲ.

ಪ್ಲಾಸ್ಟಿಕ್ ಚೀಲ ಬೇಡ. ಹಣ್ಣು ಉಸಿರಾಡುವಾಗ ಹೊರಬರುವ ತೇವ ಅದರಲ್ಲಿ ನೀರಾಗಿ ನಿಂತು ತೊಟ್ಟಿನ ಬಳಿ ಬೂಸಲು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಆಮ್ಲಜನಕ ಕಡಿಮೆಯಾದಂತೆ ಮಾಗುವಿಕೆಯೂ ಕುಂಠಿತವಾಗುತ್ತದೆ. ಕಾಗದದ ಚೀಲವನ್ನೂ ಬೆಳಿಗ್ಗೆ, ಸಂಜೆ ಒಮ್ಮೆ ತೆರೆದು ಗಾಳಿಯಾಡಿಸಿ ಮತ್ತೆ ಮಡಚುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗೋಡೆಯೂ ಬೆವರುವ ದಿನಗಳಲ್ಲಿ, ಕಾಗದ ತೇವವಾಗಿದ್ದರೆ ಅದನ್ನು ಬದಲಿಸಲೇಬೇಕು.

ಈಗ ಜಾಗದ ಮಾತು. 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಬಾಳೆಗೆ ಶೀತಾಘಾತವಾಗುತ್ತದೆ: ಸಿಪ್ಪೆ ಮಂಕಾಗಿ ಕಂದು ತಿರುಗುತ್ತದೆ, ಒಳಗಿನ ತಿರುಳು ಮಾಗುವುದನ್ನೇ ನಿಲ್ಲಿಸುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಹಂಚಿನ ಮನೆಗಳ ಒಳಗೂ ಉಷ್ಣತೆ ಆ ಗಡಿಯ ಹತ್ತಿರಕ್ಕೆ ಬರುತ್ತದೆ. ಹಣ್ಣಿನ ಸಗಟು ವ್ಯಾಪಾರಿಗಳು ಮಾಗಿಸುವ ಕೋಣೆಗಳನ್ನು ತಂಪಾಗಿಯೇ, ಸಾಮಾನ್ಯವಾಗಿ 15ರಿಂದ 18 ಡಿಗ್ರಿಯಲ್ಲಿ ಇಡುವುದು ನಿಜ, ಆದರೆ ಅವರು ಹೊರಗಿನಿಂದ ಎಥಿಲೀನ್ ಹಾಯಿಸುತ್ತಾರೆ, ಮತ್ತು ಅವರಿಗೆ ಬೇಕಾದದ್ದು ಅಂದವಾದ ಹಳದಿ ಬಣ್ಣದ, ಅಂಗಡಿಯಲ್ಲಿ ನಾಲ್ಕು ದಿನ ಬಾಳುವ ಹಣ್ಣು. ಕೇಕು ಮಾಡುವವರಿಗೆ ಬೇಕಾದದ್ದು ನಾಳೆಗೇ ಕಳಿತುಹೋಗಲಿರುವ ಹಣ್ಣು. ಆದ್ದರಿಂದ ನಾವು 22ರಿಂದ 28 ಡಿಗ್ರಿಯ ಜಾಗವನ್ನು ಹುಡುಕಬೇಕು.

ಫ್ರಿಜ್ಜಿನ ಮೇಲ್ಭಾಗ, ಒಲೆಯ ಮೇಲಿನ ಕಪಾಟು, ಕಟ್ಟಿಗೆ ಉರಿಸುವ ಮನೆಗಳಲ್ಲಿ ಬಚ್ಚಲೊಲೆಯಿಂದ ಎರಡು ಮಾರು ದೂರದ ಗೂಡು, ಇವೆಲ್ಲ ಒಳ್ಳೆಯ ಜಾಗಗಳು. ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ರಟ್ಟಿನ ಪೆಟ್ಟಿಗೆಯನ್ನು. ಚೀಲವನ್ನು ಪೆಟ್ಟಿಗೆಯಲ್ಲಿಟ್ಟು, ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು ತುಂಬಿ ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿರಿಸಿ, ಮೇಲೆ ಹಳೆಯ ಕಂಬಳಿ ಹೊದಿಸಿದರೆ ಬೆಳಗಿನವರೆಗೆ ಹಿತವಾದ ಶಾಖ ಉಳಿಯುತ್ತದೆ. ಓವನ್ ಇರುವವರು ಅದನ್ನು ಉರಿಸದೆ ಒಳಗಿನ ದೀಪವನ್ನಷ್ಟೇ ಹೊತ್ತಿಸಿ ಚೀಲವನ್ನು ಒಳಗಿಡಬಹುದು. ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿಡಿ, ಮನೆಯವರು ತಿಳಿಯದೆ ಓವನ್ ಹಚ್ಚಿದರೆ ಕಾಗದಕ್ಕೆ ಬೆಂಕಿ ಹಿಡಿಯುತ್ತದೆ.

ಶಾಖ 30 ಡಿಗ್ರಿ ದಾಟದಿರಲಿ. ಬಿಸಿ ಹೆಚ್ಚಾದರೆ ಪಚ್ಚಬಾಳೆ ಹೆಸರಿಗೆ ತಕ್ಕಂತೆ ಹಸಿರಾಗಿಯೇ ಉಳಿದು ಒಳಗೆ ಮಾತ್ರ ಮೆತ್ತಗಾಗುತ್ತದೆ, ಏಕೆಂದರೆ ಸಿಪ್ಪೆಯ ಹಸಿರು ಬಣ್ಣ ಕರಗುವ ಕ್ರಿಯೆಗೆ ಹೆಚ್ಚಿನ ಶಾಖ ಅಡ್ಡಿಯಾಗುತ್ತದೆ. ಬೆಚ್ಚಗಿಟ್ಟ ಹಣ್ಣನ್ನು ಬಣ್ಣದಿಂದ ಅಳೆಯದೆ ತೊಟ್ಟಿನ ಬಳಿ ಮೆಲ್ಲಗೆ ಒತ್ತಿ, ಮೂಸಿ ನೋಡಿ ತೀರ್ಮಾನಿಸಬೇಕು.

ಅಕ್ಕಿಡಬ್ಬಿಯ ಉಪಾಯವೂ ಸೊಗಸಾಗಿ ಫಲಿಸುತ್ತದೆ. ಕಾಳುಗಳ ನಡುವೆ ಅನಿಲ ನಿಲ್ಲುತ್ತದೆ, ಶಾಖ ಏರಿಳಿಯುವುದಿಲ್ಲ, ಹೆಚ್ಚಿನ ತೇವವನ್ನು ಅಕ್ಕಿ ಹೀರಿಕೊಳ್ಳುತ್ತದೆ. ಹಣ್ಣನ್ನು ತೆಳುಬಟ್ಟೆಯಲ್ಲಿ ಸುತ್ತಿ ಹೂತಿಡಿ, ದಿನಕ್ಕೆರಡು ಬಾರಿ ನೋಡಿ. ಅಲ್ಲಿ ಮರೆತ ಹಣ್ಣು ಅಕ್ಕಿಯನ್ನೂ ಕೆಡಿಸುತ್ತದೆ.

ಅವಧಿಯನ್ನು ಹೀಗೆ ಲೆಕ್ಕ ಹಾಕಬಹುದು. ಪೂರ್ತಿ ಹಸಿರು ಕಾಯಿಗೆ ಸೇಬು, ಚೀಲ, ಬೆಚ್ಚಗಿನ ಜಾಗ ಮೂರೂ ಸೇರಿದರೆ ಮೂರು ನಾಲ್ಕು ದಿನ ಬೇಕು. ಹಸಿರು ಹಳದಿ ಬೆರೆತ ದೋರೆಗಾಯಿಗೆ ಎರಡು ದಿನ, ಹಳದಿ ಹಣ್ಣು ಚುಕ್ಕೆಯೊಡೆಯಲು ಒಂದು ಹಗಲು ಒಂದು ರಾತ್ರಿ ಸಾಕು. ಭಾನುವಾರದ ಕೇಕಿಗೆ ಬುಧವಾರ ಸಂಜೆಯೇ ಕಾಯಿ ಚೀಲದೊಳಗೆ ಇರಲಿ.

ಬೇಗ ಆಗಲೆಂದು ಕಾರ್ಬೈಡ್ ಪುಡಿಯನ್ನು ಮಾತ್ರ ಎಂದಿಗೂ ಮನೆಗೆ ತರಬಾರದು. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದಾಗ ಬಿಡುವ ಅಸಿಟಲೀನ್ ಅನಿಲ ಹಣ್ಣಿಗೆ ಬಣ್ಣ ತರುತ್ತದೆ, ಆದರೆ ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಅಂಶಗಳು ಬೆರೆತಿರುತ್ತವೆ, ಅನಿಲವೂ ಬೆಂಕಿ ಹತ್ತುವಂಥದು. 2011ರ ಆಹಾರ ಸುರಕ್ಷತಾ ನಿಯಮಗಳಡಿ ಹಣ್ಣು ಮಾಗಿಸಲು ಅದರ ಬಳಕೆ ನಿಷಿದ್ಧ. ಹಳ್ಳಿಗಳಲ್ಲಿ ಗುಂಡಿ ತೋಡಿ ಹೊಗೆ ಹಾಕುವ ಹಳೆಯ ಕ್ರಮವನ್ನು ಮುಚ್ಚಿದ ಕೋಣೆಯೊಳಗೆ ಅನುಕರಿಸುವುದೂ ಪ್ರಾಣಾಪಾಯದ ಕೆಲಸ, ಹೊಗೆಯಲ್ಲಿ ಎಥಿಲೀನಿನ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ.

ಇಂದೇ ಬೇಕೆಂದರೆ

ಹಣ್ಣು ಕಡೇಪಕ್ಷ ಪೂರ್ತಿ ಹಳದಿಯಾಗಿದ್ದರೆ ಮಾತ್ರ ಓವನ್ ನೆರವಾಗುತ್ತದೆ. ಸಿಪ್ಪೆ ಸುಲಿಯದೆ ಹಣ್ಣುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, 150 ಡಿಗ್ರಿಯಲ್ಲಿ 15ರಿಂದ 25 ನಿಮಿಷ, ಸಿಪ್ಪೆ ಪೂರ್ತಿ ಕಪ್ಪಾಗಿ ಮಿರುಗುವವರೆಗೆ ಇಡಿ. ರಸ ಸೋರುವುದರಿಂದ ತಟ್ಟೆಗೆ ಅಂಚಿರಲಿ. ಅರ್ಧ ಗಂಟೆ ಆರಿಸಿ ಸುಲಿದು, ಸೋರಿದ ರಸವನ್ನೂ ಸೇರಿಸಿ ಕಿವುಚಿ. ಬಿಸಿ ತಿರುಳನ್ನು ನೇರವಾಗಿ ಬೆಣ್ಣೆ, ಮೊಟ್ಟೆಗೆ ಬೆರೆಸಬೇಡಿ. ಓವನ್ ಇಲ್ಲದೆ ಕುಕ್ಕರಿನಲ್ಲಿ ಕೇಕು ಮಾಡುವವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮುಚ್ಚಳ ಮುಚ್ಚಿ, ಆಗಾಗ ಹೊರಳಿಸುತ್ತಾ ಇದೇ ಹದಕ್ಕೆ ತರಬಹುದು. ಮೈಕ್ರೋವೇವಿನಲ್ಲಿ ಸಿಪ್ಪೆಗೆ ನಾಲ್ಕು ಕಡೆ ಚುಚ್ಚಿ ಅರ್ಧರ್ಧ ನಿಮಿಷದಂತೆ ಬಿಸಿ ಮಾಡಿದರೂ ಹಣ್ಣು ಮೆತ್ತಗಾಗುತ್ತದೆ, ರುಚಿ ಮಾತ್ರ ಓವನ್ನಿನದರಷ್ಟು ಗಾಢವಾಗಿರುವುದಿಲ್ಲ.

ಫ್ರೀಜರಿನಲ್ಲಿ ಹಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಕೋಶಗಳನ್ನು ಒಡೆಯುತ್ತದೆ. ಸುಲಿದ ಹಣ್ಣನ್ನು ನಾಲ್ಕೈದು ಗಂಟೆ ಅಲ್ಲಿಟ್ಟು ಹೊರಗೆ ತೆಗೆದು ಕರಗಿಸಿದರೆ ತಾನಾಗಿಯೇ ಕುಸಿಯುತ್ತದೆ. ಒಸರುವ ಕಂದು ನೀರನ್ನು ಚೆಲ್ಲದೆ ಬಳಸಿ, ಸಿಹಿಯ ಒಂದು ಪಾಲು ಅದರಲ್ಲಿದೆ.

ಈ ಎರಡೂ ದಾರಿಗಳಲ್ಲಿ ಹೊಸ ಪರಿಮಳ ಹುಟ್ಟುವುದಿಲ್ಲ, ಸಿಹಿಯೂ ಚುಕ್ಕೆ ಹಣ್ಣಿನ ಮಟ್ಟಕ್ಕೆ ಏರುವುದಿಲ್ಲ. ಆದ್ದರಿಂದ ಕೇಕಿನ ಮಿಶ್ರಣಕ್ಕೆ ಎರಡು ಚಮಚ ಬೆಲ್ಲದ ಪುಡಿಯನ್ನು ಹೆಚ್ಚಿಸುವುದು ನನ್ನ ರೂಢಿ. ಮೊಟ್ಟೆಯಿಲ್ಲದ ಕೇಕಿನಲ್ಲಿ ಹಿಟ್ಟನ್ನು ಹಿಡಿದಿಡುವ ಕೆಲಸವೂ ಬಾಳೆಹಣ್ಣಿನದೇ. ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದ ಹಲವು ಕುಟುಂಬಗಳ ಮೂಲ ನಮ್ಮ ನೆರೆಯ ಹಾಸನ ಜಿಲ್ಲೆಯಾದ್ದರಿಂದ ಈ ಕಡೆಯ ಮನೆಗಳಲ್ಲಿ ಮೊಟ್ಟೆಯಿಲ್ಲದ ಕೇಕಿನ ಅಭಿರುಚಿ ಹಳೆಯದು. ಅಂಥ ಕೇಕಿಗೆ ಓವನ್ನಿನಲ್ಲಿ ಮೆತ್ತಗೆ ಮಾಡಿದ ಹಣ್ಣಿಗಿಂತ ನಿಜವಾಗಿ ಮಾಗಿದ ಹಣ್ಣನ್ನೇ ಕಾದು ಬಳಸಿ ಎಂದು ಒತ್ತಿ ಹೇಳುತ್ತೇನೆ.

ಹದ, ಅಳತೆ, ಉಳಿದದ್ದು

ಪಚ್ಚಬಾಳೆಯ ಸಿಪ್ಪೆಯ ಅರ್ಧಭಾಗ ಕಂದು ಚುಕ್ಕೆಗಳಿಂದ ತುಂಬಿ, ಹಿಡಿದರೆ ಬೆರಳಿನ ಗುರುತು ಮೂಡುವಂತಿದ್ದರೆ ಅದೇ ಹದ. ಏಲಕ್ಕಿಬಾಳೆಯಲ್ಲಿ ಚುಕ್ಕೆ ಅಷ್ಟಾಗಿ ಕಾಣದು, ಹಣ್ಣು ತೊಟ್ಟಿನಿಂದ ತಾನಾಗಿ ಕಳಚುವುದೇ ಗುರುತು. ಹೆಂಡದ ವಾಸನೆ ಬಂದರೆ, ತೊಟ್ಟಿನಲ್ಲಿ ಬೂಸಲು ಕಂಡರೆ, ತಿರುಳು ಕಪ್ಪಾಗಿ ಹುಳಿ ಹೊಡೆದಿದ್ದರೆ ಎಸೆಯಬೇಕು.

200 ಗ್ರಾಂ ಹಿಟ್ಟಿನ ಕೇಕಿಗೆ 250ರಿಂದ 300 ಗ್ರಾಂ ತಿರುಳು ಸರಿಹೋಗುತ್ತದೆ. ಅದಕ್ಕೆ ಮಧ್ಯಮ ಗಾತ್ರದ ಮೂರು ಪಚ್ಚಬಾಳೆ ಅಥವಾ ಏಳೆಂಟು ಏಲಕ್ಕಿಬಾಳೆ ಬೇಕು. ಹಣ್ಣುಗಳ ಗಾತ್ರ ಒಂದೇ ಸಮ ಇರುವುದಿಲ್ಲವಾದ್ದರಿಂದ ಎಣಿಸುವುದಕ್ಕಿಂತ ತೂಗುವುದೇ ಸರಿ. ಕೇಕಿಗೆ ಮುನ್ನವೇ ಹಣ್ಣು ಹದಕ್ಕೆ ಬಂದುಬಿಟ್ಟರೆ ಫ್ರಿಜ್ಜಿಗೆ ವರ್ಗಾಯಿಸಿ. ಸಿಪ್ಪೆ ಕಪ್ಪಾದರೂ ತಿರುಳು ಎರಡು ಮೂರು ದಿನ ಹಾಗೆಯೇ ಉಳಿಯುತ್ತದೆ. ತೋಟದ ಗೊನೆಯೊಂದು ಒಟ್ಟಿಗೇ ಹಣ್ಣಾಗಿ ಮನೆಮಂದಿ ತಿಂದು ಮುಗಿಸಲಾರದಾದಾಗ, ತಿರುಳನ್ನು ಕಿವುಚಿ 250 ಗ್ರಾಮಿನಂತೆ ಡಬ್ಬಿಗಳಲ್ಲಿ ತುಂಬಿ ದಿನಾಂಕ ಬರೆದು ಫ್ರೀಜರಿನಲ್ಲಿಟ್ಟರೆ ಮೂರು ತಿಂಗಳವರೆಗೆ ಚೀಲವನ್ನೂ ಬಿಸಿನೀರಿನ ಬಾಟಲಿಯನ್ನೂ ಹುಡುಕುವ ಅಗತ್ಯ ಬೀಳುವುದಿಲ್ಲ.